ಹತ್ತಕ್ಕೆ ಐದು ಬಂದ ಶಾಲೆ: ಅಮೆರಿಕದ ಮಿಡ್ಲ್ ಸ್ಕೂಲಿನ ಅಂಕಿಗಳನ್ನು ಓದುವ ಬಗೆ

ಅಮೆರಿಕದಲ್ಲಿರುವ ಗೆಳೆಯನೊಬ್ಬ ಮನೆ ಹುಡುಕುತ್ತಿದ್ದ. ಒಂದು ದಿನ ಮನೆ ಮಾರುವ ವೆಬ್‌ಸೈಟಿನ ಎರಡು ಸ್ಕ್ರೀನ್‌ಶಾಟ್ ಕಳಿಸಿದ. ಮನೆಗಳು ಹೆಚ್ಚುಕಡಿಮೆ ಒಂದೇ ತರಹ, ಬೆಲೆ ಮಾತ್ರ ಅಜಗಜಾಂತರ. ದುಬಾರಿ ಮನೆಯ ಕೆಳಗೆ ಮಿಡ್ಲ್ ಸ್ಕೂಲಿಗೆ ಹತ್ತಕ್ಕೆ ಎಂಟು ಅಂತ ಬರೆದಿತ್ತು. ಇನ್ನೊಂದರ ಕೆಳಗೆ ಹತ್ತಕ್ಕೆ ಐದು.

"ಐದರ ಶಾಲೆಗೆ ಮಗಳನ್ನ ಹೇಗೆ ಹಾಕೋದು ಮಾರಾಯ?" ಅಂತ ಕೇಳಿದ.

"ಆ ಐದು ಎಲ್ಲಿಂದ ಬಂತು ಅಂತ ನೋಡಿದ್ಯಾ?" ಅಂದೆ.

ನೋಡಿರಲಿಲ್ಲ. ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ ಬಿಡಿ. ಆದರೆ ಆ ಒಂದು ಅಂಕಿಯ ಹಿಂದೆ ಒಂದು ದೊಡ್ಡ ಕಾರ್ಖಾನೆಯೇ ಇದೆ. ಅದು ಹೇಗೆ ಓಡುತ್ತದೆ ಅಂತ ಗೊತ್ತಾದರೆ ಎಂಟಕ್ಕೆ ಅಷ್ಟು ಹಿಗ್ಗುವುದೂ ಬೇಡ, ಐದಕ್ಕೆ ಅಷ್ಟು ಕುಗ್ಗುವುದೂ ಬೇಡ ಅನ್ನಿಸುತ್ತದೆ.

ಮೊದಲು ಶಾಲೆಯ ವಿಷಯ. ಮಿಡ್ಲ್ ಸ್ಕೂಲ್ ಅಂದರೆ ಸಾಮಾನ್ಯವಾಗಿ 6, 7 ಮತ್ತು 8ನೇ ತರಗತಿ, 11ರಿಂದ 14 ವರ್ಷದ ಮಕ್ಕಳು. ಇಲ್ಲಿ ಮಾತು ಪಬ್ಲಿಕ್ ಶಾಲೆಯದ್ದು, ಅಂದರೆ ತೆರಿಗೆ ದುಡ್ಡಿನಲ್ಲಿ ನಡೆಯುವ, ಫೀಸಿಲ್ಲದ ಶಾಲೆ. ನಡೆಸುವುದು ಸ್ಥಳೀಯ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಆ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಆಡಳಿತ. ಯಾವ ಮಗು ಯಾವ ಶಾಲೆಗೆ ಎಂಬುದನ್ನು ಬಹುತೇಕ ಕಡೆ ಮನೆಯ ವಿಳಾಸವೇ ತೀರ್ಮಾನಿಸುತ್ತದೆ. ನಕ್ಷೆಯ ಮೇಲೊಂದು ಗೆರೆ. ಗೆರೆಯ ಈಚೆ ಮನೆ ದುಬಾರಿ, ಆಚೆ ಅಗ್ಗ. ಅಂದರೆ ಶಾಲೆಯ ಗೇಟು ತೆರೆಯುವ ಮೊದಲೇ ಮಕ್ಕಳನ್ನು ಒಮ್ಮೆ ಜರಡಿ ಹಿಡಿದಾಗಿರುತ್ತದೆ. ಜರಡಿ ಹಿಡಿಯುವುದು ಪರೀಕ್ಷೆಯಲ್ಲ, ಮನೆಯ ಬೆಲೆ. ಇದೊಂದು ತಲೆಯಲ್ಲಿರಲಿ.

ಈಗ ಅಂಕಿ. ಹತ್ತಕ್ಕೆ ಇಷ್ಟು ಅನ್ನುವುದು ಹುಟ್ಟುವುದು ಹೆಚ್ಚಾಗಿ ಪರೀಕ್ಷೆಯ ಫಲಿತಾಂಶಗಳಿಂದ. ಶಾಲೆಯ ಫಲಿತಾಂಶ ತೋರಿಸುವ ವೆಬ್ ಪುಟದಲ್ಲಿ ಎಲ್ಲಕ್ಕಿಂತ ದಪ್ಪಗೆ ಕಾಣುವುದು "ಗಣಿತದಲ್ಲಿ ಪ್ರೊಫಿಶಿಯೆಂಟ್ ಶೇ 52" ಅನ್ನುವಂಥ ಸಾಲು. ಪ್ರೊಫಿಶಿಯೆಂಟ್ ಅಂದರೆ ಇಷ್ಟು ಬಂದರೆ ಸಾಕು ಎಂದು ಗೊತ್ತುಮಾಡಿದ ಮಟ್ಟ ಮುಟ್ಟಿದವರು. ಇದರ ಮೂಲ ಎರಡು ಕಾನೂನುಗಳಲ್ಲಿದೆ. 2002ರ ಜನವರಿಯಲ್ಲಿ ಜಾರ್ಜ್ ಬುಷ್ ಸಹಿ ಹಾಕಿದ "ನೋ ಚೈಲ್ಡ್ ಲೆಫ್ಟ್ ಬಿಹೈಂಡ್", 2015ರ ಡಿಸೆಂಬರಿನಲ್ಲಿ ಬರಾಕ್ ಒಬಾಮ ಸಹಿ ಹಾಕಿದ "ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್". ಇವುಗಳ ಪ್ರಕಾರ 3ರಿಂದ 8ನೇ ತರಗತಿಯವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದಲ್ಲಿ ಪರೀಕ್ಷೆ ಆಗಲೇಬೇಕು. ಮಿಡ್ಲ್ ಸ್ಕೂಲಿನ ಮೂರೂ ವರ್ಷ ಇದರೊಳಗೆ ಬಂತು, ಹಾಗಾಗಿ ಆ ಮಕ್ಕಳಿಗೆ ಪರೀಕ್ಷೆಯಿಂದ ಬಿಡುವೇ ಇಲ್ಲ.

ಆದರೆ ಯಾವ ಪರೀಕ್ಷೆ ಅನ್ನುವುದು ರಾಜ್ಯಗಳಿಗೆ ಬಿಟ್ಟದ್ದು. ಎಷ್ಟು ಬಂದರೆ ಸಾಕು ಎಂದು ಹೇಳುವುದೂ ರಾಜ್ಯವೇ. ಟೆಕ್ಸಸ್‌ನ ಪರೀಕ್ಷೆಯಲ್ಲಿ "ಅಪ್ರೋಚಸ್", "ಮೀಟ್ಸ್", "ಮಾಸ್ಟರ್ಸ್" ಅಂತ ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲು ಹತ್ತಿದರೂ ಪಾಸು. ಹಾಗಾಗಿ ಅಲ್ಲಿನ ಶಾಲೆಯೊಂದರ "ಪಾಸಾದವರು" ಎಂಬ ಅಂಕಿಯನ್ನು ಬೇರೆ ರಾಜ್ಯದ ಶಾಲೆಯ "ಪ್ರೊಫಿಶಿಯೆಂಟ್" ಅಂಕಿಯ ಪಕ್ಕ ಇಟ್ಟು ತೂಗುವುದು ಸೇರನ್ನೂ ಮೊಳವನ್ನೂ ಹೋಲಿಸಿದ ಹಾಗೆ.

ಇನ್ನು ಈ "ಇಷ್ಟು ಬಂದರೆ ಸಾಕು" ಅನ್ನುವ ಗೆರೆಯ ತಮಾಷೆ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 8ನೇ ತರಗತಿಯ ಗಣಿತಕ್ಕೆ ನಾಲ್ಕು ಮಟ್ಟಗಳಿವೆ. ಎರಡನೇ ಮಟ್ಟ ಶುರುವಾಗುವುದು 2504ಕ್ಕೆ, ಮೂರನೆಯದು 2586ಕ್ಕೆ, ನಾಲ್ಕನೆಯದು 2653ಕ್ಕೆ. ಶಾಲೆಯ ದಪ್ಪಕ್ಷರದ ಅಂಕಿಯಲ್ಲಿ ಎಣಿಕೆಗೆ ಬರುವುದು ಮೂರು ಮತ್ತು ನಾಲ್ಕನೇ ಮಟ್ಟದ ಮಕ್ಕಳು ಮಾತ್ರ. 2585 ಬಂದ ಹುಡುಗಿ ಲೆಕ್ಕಕ್ಕಿಲ್ಲ, 2586 ಬಂದ ಹುಡುಗ ಲೆಕ್ಕಕ್ಕಿದ್ದಾನೆ. ಅದೇ 2586 ಬಂದವನೂ 2750 ಬಂದವಳೂ ಇಲ್ಲಿ ಒಂದೇ. 2400ರಲ್ಲಿ ಒದ್ದಾಡಬೇಕಿದ್ದ ಮಗುವನ್ನು ಟೀಚರ್ ಕೈಹಿಡಿದು 2500ರವರೆಗೆ ತಂದರು ಅಂತಿಟ್ಟುಕೊಳ್ಳಿ. ಅದು ಸಣ್ಣ ಕೆಲಸವೇನಲ್ಲ. ಆದರೆ ಶೇಕಡಾವಾರು ಅಂಕಿ ಒಂದಿಂಚೂ ಅಲ್ಲಾಡುವುದಿಲ್ಲ.

ಇಲ್ಲೇ ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡೋಣ. ಪತ್ರಿಕೆಗಳಲ್ಲಿ ಆಗಾಗ "ಅಮೆರಿಕದ ಮುಕ್ಕಾಲು ಪಾಲು ಮಕ್ಕಳಿಗೆ ಲೆಕ್ಕ ಬರುವುದಿಲ್ಲ" ಅನ್ನುವ ಸುದ್ದಿ ಬರುತ್ತದೆ. ಅದರ ಮೂಲ ನೇಪ್ ಎಂಬ ರಾಷ್ಟ್ರೀಯ ಪರೀಕ್ಷೆ. ಇದು 1969ರಿಂದ ನಡೆಯುತ್ತಿದೆ. ಎಲ್ಲ ಮಕ್ಕಳೂ ಬರೆಯುವುದಿಲ್ಲ, ಆಯ್ದ ಕೆಲವರು ಬರೆಯುತ್ತಾರೆ. 2022ರಲ್ಲಿ 8ನೇ ತರಗತಿಯ ಗಣಿತದಲ್ಲಿ ಅದರ ಪ್ರೊಫಿಶಿಯೆಂಟ್ ಮಟ್ಟ ಮುಟ್ಟಿದವರು ಶೇ 26. 2019ಕ್ಕೆ ಹೋಲಿಸಿದರೆ ಸರಾಸರಿ ಅಂಕ 8ರಷ್ಟು ಕುಸಿದಿತ್ತು, ಕೋವಿಡ್ಡಿನ ಏಟು. ಕುಸಿತ ನಿಜ. ಆದರೆ ನೇಪ್‌ನ ಪ್ರೊಫಿಶಿಯೆಂಟ್ ಅಂದರೆ "ತರಗತಿಗೆ ತಕ್ಕಷ್ಟು ಬರುತ್ತದೆ" ಎಂಬ ಅರ್ಥವಲ್ಲ, ಅದಕ್ಕಿಂತ ಎತ್ತರದ ಗೆರೆ ಅದು. ಮೇಲಾಗಿ ಒಂದೊಂದೇ ಶಾಲೆಯ ಫಲಿತಾಂಶ ಅದರಲ್ಲಿ ಸಿಗುವುದೂ ಇಲ್ಲ.

ಅಂಕಿಯ ಕೆಳಗೆ ಇನ್ನೊಂದು ಪಟ್ಟಿ ಇರುತ್ತದೆ: ಮಕ್ಕಳು ಯಾರು? ಎಷ್ಟು ಜನ ಬಿಳಿಯರು, ಕರಿಯರು, ಹಿಸ್ಪಾನಿಕ್, ಏಷ್ಯನ್? ಎಷ್ಟು ಜನ ಬಡವರು? ಇಂಗ್ಲಿಷ್ ಕಲಿಯುತ್ತಿರುವವರೆಷ್ಟು? ವಿಶೇಷ ಶಿಕ್ಷಣ ಬೇಕಾದವರೆಷ್ಟು? ಇದನ್ನು ಸುಮ್ನೆ ಕುತೂಹಲಕ್ಕೆ ಹಾಕಿದ್ದಲ್ಲ. ಒಟ್ಟು ಸರಾಸರಿಯ ಹಿಂದೆ ಹಿಂದುಳಿದ ಮಕ್ಕಳನ್ನು ಬಚ್ಚಿಡಬಾರದು, ಪ್ರತಿ ಗುಂಪಿನ ಫಲಿತಾಂಶವನ್ನೂ ಬೇರೆ ಬೇರೆ ತೋರಿಸಬೇಕು ಅಂತ ಕಾನೂನೇ ಹೇಳುತ್ತದೆ. 2002ರ ಕಾನೂನಿಗೆ ಬೈದವರೇ ಜಾಸ್ತಿ. 2014ರೊಳಗೆ ಪ್ರತಿಯೊಂದು ಮಗುವೂ ಪ್ರೊಫಿಶಿಯೆಂಟ್ ಆಗಬೇಕು ಎಂಬ ಅದರ ಗುರಿ ಕನಸಿನ ಗಂಟಾಗಿತ್ತು, ನಿಜ. ಆದರೆ ಈ ಗುಂಪುವಾರು ಲೆಕ್ಕ ಕೊಟ್ಟದ್ದಕ್ಕೆ ನಾನಂತೂ ಅದಕ್ಕೆ ಒಂದು ನಮಸ್ಕಾರ ಹಾಕುತ್ತೇನೆ.

ಪಟ್ಟಿಯಲ್ಲಿ ಬಡತನವನ್ನು ಅಳೆಯುವುದು ಹೇಗೆ? ಮಧ್ಯಾಹ್ನದ ಊಟದಿಂದ. 1946ರಿಂದ ಅಲ್ಲಿ ಸರ್ಕಾರಿ ಶಾಲಾ ಊಟದ ಯೋಜನೆ ಇದೆ. ಮನೆಯ ಆದಾಯ ಬಡತನ ರೇಖೆಯ ಶೇ 130ರೊಳಗಿದ್ದರೆ ಊಟ ಪೂರ್ತಿ ಉಚಿತ. ಶೇ 130ರಿಂದ 185ರೊಳಗಿದ್ದರೆ ರಿಯಾಯಿತಿ, ಹೆಚ್ಚೆಂದರೆ 40 ಸೆಂಟ್. ಈ ಎರಡೂ ಬಗೆಯ ಮಕ್ಕಳನ್ನು ಕೂಡಿಸಿ "ಫ್ರೀ ಅಂಡ್ ರೆಡ್ಯೂಸ್ಡ್ ಲಂಚ್ ಶೇ 60" ಎಂದು ಹಾಕುತ್ತಾರೆ. ದಶಕಗಳಿಂದ ಸಂಶೋಧಕರಿಗೂ ಪೋಷಕರಿಗೂ ಬಡತನದ ಅಳತೆಗೋಲು ಅಂದರೆ ಇದೇ.

ಈಗ ಆ ಕೋಲು ಡೊಂಕಾಗಿದೆ. 2010ರ ಒಂದು ಕಾಯ್ದೆ ಹೊಸ ದಾರಿ ತೆರೆಯಿತು: ಶಾಲೆಯಲ್ಲಿ ಬಡ ಮಕ್ಕಳು ಇಂತಿಷ್ಟಕ್ಕಿಂತ ಹೆಚ್ಚಿದ್ದರೆ ಅರ್ಜಿ ಗಿರ್ಜಿ ಏನೂ ಬೇಡ, ಎಲ್ಲರಿಗೂ ಉಚಿತ ಊಟ. ಆ ಮಿತಿ ಮೊದಲು ಶೇ 40 ಇತ್ತು, 2023ರಲ್ಲಿ ಶೇ 25ಕ್ಕೆ ಇಳಿಯಿತು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಇನ್ನೂ ಮುಂದೆ ಹೋಗಿ ಎಲ್ಲ ಪಬ್ಲಿಕ್ ಶಾಲೆಗಳಲ್ಲೂ ಊಟ ಉಚಿತ ಮಾಡಿದವು. ಮಕ್ಕಳಿಗೆ ಒಳ್ಳೆಯದೇ ಆಯಿತು, ಅಂಕಿಅಂಶಕ್ಕೆ ಕಷ್ಟ ಬಂತು. ಕೆಲವು ಶಾಲೆಗಳ ಆ ಕಾಲಂ ಒಂದೇ ವರ್ಷದಲ್ಲಿ ಶೇ 100ಕ್ಕೆ ಜಿಗಿದಿರುತ್ತದೆ. ಊರು ರಾತ್ರೋರಾತ್ರಿ ದಿವಾಳಿ ಎದ್ದಿಲ್ಲ, ಫಾರಂ ತುಂಬಿಸುವುದು ನಿಂತಿದೆ, ಅಷ್ಟೇ.

ಇಂಗ್ಲಿಷ್ ಕಲಿಯುವವರ ಕಾಲಂ ನಮ್ಮವರಿಗೆ ಹತ್ತಿರದ್ದು. ಮಗುವನ್ನು ಶಾಲೆಗೆ ಸೇರಿಸುವಾಗ ಮನೆಮಾತಿನ ಬಗ್ಗೆ ಒಂದು ಫಾರಂ ಕೊಡುತ್ತಾರೆ. "ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ?" ಅಂತ ಅದರಲ್ಲಿರುತ್ತದೆ. ಅಲ್ಲಿ ಕನ್ನಡ ಅಂತ ಬರೆದರೆ ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ನೋಡಲು ಒಂದು ಪರೀಕ್ಷೆ ಆಗುತ್ತದೆ. ಚೆನ್ನಾಗಿ ಬಂದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಮಗು ಈ ಕಾಲಂಗೆ ಸೇರುತ್ತದೆ, ಹೆಚ್ಚುವರಿ ಪಾಠ ಸಿಗುತ್ತದೆ. ಹೆದರಿ "ಇಂಗ್ಲಿಷ್" ಅಂತ ಬರೆದು ಬರುವವರೂ ಇದ್ದಾರೆ. ಹಾಗೆ ಮಾಡಿದರೆ ನಷ್ಟ ಯಾರಿಗೆ? ಬೇಕಾದ ಪಾಠ ತಪ್ಪಿಹೋಗುವುದು ಮಗುವಿಗೇ ಅಲ್ವಾ? ಈ ಸಹಾಯ ಸುಮ್ಮನೆ ಬಂದದ್ದೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ ಕೋರ್ಟಿಗೆ ಹೋಗಿ, 1974ರಲ್ಲಿ ಸುಪ್ರೀಂ ಕೋರ್ಟ್ "ಲಾವ್ ವರ್ಸಸ್ ನಿಕೋಲ್ಸ್" ಪ್ರಕರಣದಲ್ಲಿ ಅವರ ಪರ ನಿಂತ ಮೇಲೆ ಗಟ್ಟಿಯಾದ ಹಕ್ಕು ಇದು.

ಈ ಗುಂಪಿನ ಪರೀಕ್ಷಾ ಫಲಿತಾಂಶ ಯಾವಾಗ ನೋಡಿದರೂ ಪಾತಾಳದಲ್ಲಿರುತ್ತದೆ. ಕಾರಣ ಸರಳ. ಆಸ್ಪತ್ರೆಯ ವಾರ್ಡಿನಲ್ಲಿ ಗುಣವಾದವರು ಮನೆಗೆ ಹೋಗುತ್ತಾರೆ. ಮಲಗಿರುವವರನ್ನು ಮಾತ್ರ ಎಣಿಸಿ "ಇಲ್ಲಿ ಯಾರಿಗೂ ವಾಸಿಯಾಗುವುದೇ ಇಲ್ಲ" ಅಂದರೆ ಹೇಗೆ? ಇಂಗ್ಲಿಷ್ ಕಲಿತ ಮಗು ಈ ಕಾಲಂನಿಂದ ಹೊರಬರುತ್ತದೆ, ಅದರ ಜಾಗಕ್ಕೆ ಮೊನ್ನೆ ಮೊನ್ನೆ ವಿಮಾನ ಇಳಿದ ಮಗು ಬರುತ್ತದೆ. ಕಾಲಂ ಮೇಲೇಳುವುದಾದರೂ ಹೇಗೆ? ಇದನ್ನು ಸರಿದೂಗಿಸಲೆಂದೇ ಕಲಿತು ಹೊರಬಂದವರನ್ನೂ ನಾಲ್ಕು ವರ್ಷದವರೆಗೆ ಇದೇ ಗುಂಪಿನಲ್ಲಿ ಎಣಿಸಲು 2015ರ ಕಾನೂನು ರಾಜ್ಯಗಳಿಗೆ ಅವಕಾಶ ಕೊಟ್ಟಿದೆ.

"ಏಷ್ಯನ್" ಕಾಲಂ ಇನ್ನೊಂದು ಬಗೆಯ ಕಲಸುಮೇಲೋಗರ. ಸಾಫ್ಟ್‌ವೇರ್ ಕೆಲಸದ ವೀಸಾದಲ್ಲಿ ಬಂದ ಕನ್ನಡಿಗರ ಮಗಳೂ, ಯುದ್ಧದಿಂದ ತಪ್ಪಿಸಿಕೊಂಡು ಲಾವೋಸ್‌ನಿಂದ ಬಂದ ಹ್ಮಾಂಗ್ ಕುಟುಂಬದ ಮೊಮ್ಮಗನೂ ಇದೇ ಒಂದು ಡಬ್ಬಿಯಲ್ಲಿ. ಇಬ್ಬರ ಮನೆಯ ಕಥೆಗೂ ಒಂದಕ್ಕೊಂದು ಸಂಬಂಧವಿಲ್ಲ. "ಏಷ್ಯನ್ ಮಕ್ಕಳು ಇಲ್ಲಿ ಚೆನ್ನಾಗಿ ಓದುತ್ತಾರೆ" ಎಂದು ಈ ಸಾಲು ನೋಡಿ ತೀರ್ಮಾನಿಸುವವರು ಇದನ್ನು ನೆನಪಿಟ್ಟರೆ ಒಳ್ಳೆಯದು.

ಈಗ ಎರಡು ಪಟ್ಟಿಗಳನ್ನೂ ಸೇರಿಸೋಣ. ಒಂದು ಲೆಕ್ಕ ಮಾಡೋಣ, ಅಂಕಿಗಳು ನಾನೇ ಇಟ್ಟುಕೊಂಡವು.

ಶಾಲೆ ಒಂದರಲ್ಲಿ 500 ಮಕ್ಕಳು. 400 ಮಂದಿ ಅನುಕೂಲಸ್ಥರ ಮನೆಯವರು, 100 ಮಂದಿ ಬಡವರ ಮನೆಯವರು. ಅನುಕೂಲಸ್ಥರಲ್ಲಿ ಶೇ 75 ಪ್ರೊಫಿಶಿಯೆಂಟ್, ಅಂದರೆ 300. ಬಡ ಮಕ್ಕಳಲ್ಲಿ ಶೇ 30, ಅಂದರೆ 30. ಒಟ್ಟು 330. ಶಾಲೆಯ ಪುಟದ ಮೇಲೆ ಶೇ 66.

ಶಾಲೆ ಎರಡರಲ್ಲೂ 500 ಮಕ್ಕಳು. ಇಲ್ಲಿ 150 ಮಂದಿ ಅನುಕೂಲಸ್ಥರು, 350 ಮಂದಿ ಬಡವರು. ಅನುಕೂಲಸ್ಥರಲ್ಲಿ ಶೇ 80 ಪ್ರೊಫಿಶಿಯೆಂಟ್, 120 ಮಕ್ಕಳು. ಬಡವರಲ್ಲಿ ಶೇ 40, 140 ಮಕ್ಕಳು. ಒಟ್ಟು 260. ಪುಟದ ಮೇಲೆ ಶೇ 52.

ಇನ್ನೊಮ್ಮೆ ನೋಡಿ. ಅನುಕೂಲಸ್ಥರ ಮಕ್ಕಳೂ ಎರಡನೇ ಶಾಲೆಯಲ್ಲೇ ಮುಂದೆ, ಬಡವರ ಮಕ್ಕಳೂ ಅಲ್ಲೇ ಮುಂದೆ. ಆದರೂ ಒಟ್ಟು ಲೆಕ್ಕದಲ್ಲಿ ಮೊದಲನೆಯದು 14 ಅಂಕ ಮೇಲೆ! ಇದರಲ್ಲಿ ಕಣ್ಕಟ್ಟೇನಿಲ್ಲ. ಯಾವ ಗುಂಪಿನವರು ಎಷ್ಟು ಜನ ಇದ್ದಾರೆ ಅನ್ನುವುದೇ ಸರಾಸರಿಯನ್ನು ಎಳೆದಾಡುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಿಂಪ್ಸನ್ನನ ವಿರೋಧಾಭಾಸ ಅನ್ನುತ್ತಾರೆ. ಎರಡೇ ಗುಂಪಿಟ್ಟುಕೊಂಡು ಇಷ್ಟು ಆಟ, ನಿಜವಾದ ಶಾಲೆಯಲ್ಲಿ ಹತ್ತು ಗುಂಪುಗಳಿರುತ್ತವೆ.

ಮನೆಯ ಸ್ಥಿತಿ ಅಂಕಗಳನ್ನು ಇಷ್ಟು ಎಳೆಯುತ್ತದೆ ಅನ್ನುವುದು ಹೊಸ ಮಾತೇನಲ್ಲ. 1964ರ ನಾಗರಿಕ ಹಕ್ಕು ಕಾಯ್ದೆಯ ಬೆನ್ನಿಗೇ ಸರ್ಕಾರ ಒಂದು ದೊಡ್ಡ ಸಮೀಕ್ಷೆ ಮಾಡಿಸಿತು. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಮತ್ತು ಸಂಗಡಿಗರು ಸುಮಾರು 4,000 ಶಾಲೆಗಳ 6 ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿ ಕಲೆಹಾಕಿ 1966ರಲ್ಲಿ ವರದಿ ಕೊಟ್ಟರು. ಕಟ್ಟಡ, ಲೈಬ್ರರಿ, ಲ್ಯಾಬುಗಳ ವ್ಯತ್ಯಾಸವೇ ಅಂಕಗಳ ವ್ಯತ್ಯಾಸಕ್ಕೆ ಮುಖ್ಯ ಕಾರಣ ಇರಬೇಕು ಎಂದು ಹಲವರು ಅಂದುಕೊಂಡಿದ್ದರು. ಆದರೆ ಅವುಗಳಿಗಿಂತ ಮನೆಯ ಹಿನ್ನೆಲೆಯ ಕೈವಾಡವೇ ಹೆಚ್ಚು ಎಂದು ವರದಿ ಹೇಳಿತು. ಆ ಬಗ್ಗೆ ವಾದ ಇಂದಿಗೂ ನಿಂತಿಲ್ಲ.

ಹಾಗಾದರೆ ಶಾಲೆ ಏನೂ ಮಾಡುವುದೇ ಇಲ್ಲವಾ? ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಅದನ್ನು ನೋಡಬೇಕಾದ ಜಾಗ ಬೇರೆ. ಆ ಜಾಗದ ಹೆಸರು ಗ್ರೋತ್, ಬೆಳವಣಿಗೆ.

ಮಗು ಎಲ್ಲಿದೆ ಅಂತ ಕೇಳುವ ಬದಲು ಹೋದ ವರ್ಷದಿಂದ ಎಷ್ಟು ದೂರ ಬಂತು ಅಂತ ಕೇಳುವುದೇ ಇದರ ತಿರುಳು. ಕೊಲರಾಡೋ, ಮ್ಯಾಸಚೂಸೆಟ್ಸ್, ನ್ಯೂಜೆರ್ಸಿಯಂಥ ರಾಜ್ಯಗಳು ಬಳಸುವ ವಿಧಾನ ಹೀಗಿದೆ. ಏಳನೇ ತರಗತಿಯ ಒಬ್ಬ ಹುಡುಗನನ್ನು ತೆಗೆದುಕೊಳ್ಳಿ. ಹಿಂದಿನ ವರ್ಷಗಳಲ್ಲಿ ಅವನಷ್ಟೇ ಅಂಕ ಪಡೆದ ರಾಜ್ಯದ ಎಲ್ಲ ಮಕ್ಕಳನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿ. ಈ ವರ್ಷ ಆ ಸಾಲಿನಲ್ಲಿ ಅವನು ಎಲ್ಲಿ ನಿಂತ? ನೂರಕ್ಕೆ 70 ಮಂದಿಯನ್ನು ಹಿಂದೆ ಹಾಕಿದ್ದರೆ ಅವನ ಬೆಳವಣಿಗೆ 70. ಅವನ ಅಂಕ ಕಡಿಮೆಯೇ ಇರಬಹುದು, ಪರವಾಗಿಲ್ಲ. ಅವನನ್ನು ಹೋಲಿಸಿದ್ದು ಅವನ ಜೊತೆಗೇ ಓಟ ಶುರು ಮಾಡಿದವರೊಂದಿಗೆ. ಶಾಲೆಯ ಮಕ್ಕಳೆಲ್ಲರ ಈ ಅಂಕಿಗಳನ್ನು ಜೋಡಿಸಿ ನಟ್ಟನಡುವಿನದನ್ನು ತೆಗೆದರೆ ಅದು ಶಾಲೆಯ ಬೆಳವಣಿಗೆ. 50ರ ಆಸುಪಾಸು ಇದ್ದರೆ ರಾಜ್ಯದ ನಡಿಗೆಯಷ್ಟೇ, 60 ದಾಟಿದ್ದರೆ ಒಳಗೆ ಏನೋ ಒಳ್ಳೆಯದು ನಡೆಯುತ್ತಿದೆ ಅನ್ನಬಹುದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ಅಮೆರಿಕದ ಸಾವಿರಾರು ಸ್ಕೂಲ್ ಡಿಸ್ಟ್ರಿಕ್ಟ್‌ಗಳ ಅಂಕಗಳನ್ನು ಒಂದೇ ಅಳತೆಗೆ ತಂದು ಜೋಡಿಸಿದ್ದಾರೆ. ಸರಾಸರಿ ಅಂಕ ಊರಿನ ಸಿರಿತನದ ಹಿಂದೆ ನೆರಳಿನಂತೆ ಹೋಗುತ್ತದೆ. ಆದರೆ ಬೆಳವಣಿಗೆಗೂ ಸಿರಿತನಕ್ಕೂ ನಂಟು ತೀರಾ ತೆಳು. ಕಣ್ಣರಳಿಸುವ ಉದಾಹರಣೆ ಶಿಕಾಗೋ. ಅಲ್ಲಿನ ಮಕ್ಕಳಲ್ಲಿ ಬಡವರೇ ಹೆಚ್ಚು, ಅಂಕ ರಾಷ್ಟ್ರದ ಸರಾಸರಿಗಿಂತ ಕೆಳಗೆ. ಆದರೆ 2009ರಿಂದ 2014ರ ನಡುವೆ ಮೂರನೇ ತರಗತಿಯಿಂದ ಎಂಟನೇ ತರಗತಿಗೆ ಬರುವ ಐದು ವರ್ಷಗಳಲ್ಲಿ ಅಲ್ಲಿನ ಮಕ್ಕಳು ಸುಮಾರು ಆರು ವರ್ಷದಷ್ಟು ಕಲಿತಿದ್ದರು. ಒಟ್ಟು ಅಂಕ ಮಾತ್ರ ನೋಡುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಹಾಗಂತ ಉಲ್ಟಾ ತಪ್ಪನ್ನೂ ಮಾಡಬಾರದು. "ನಮ್ಮಲ್ಲಿ ಬಡ ಮಕ್ಕಳು ಜಾಸ್ತಿ, ಇಷ್ಟೇ ಆಗೋದು" ಅಂತ ಶಾಲೆ ಕೈಚೆಲ್ಲಿದರೆ ಒಪ್ಪಬೇಡಿ. ಬೆಳವಣಿಗೆಯೂ 35ರಲ್ಲಿದ್ದರೆ ಆ ನೆಪ ನಿಲ್ಲುವುದಿಲ್ಲ. ಹಾಗೆಯೇ ಹತ್ತಕ್ಕೆ ಎಂಟರ ಶಾಲೆಯಲ್ಲಿ ಬಡ ಮಕ್ಕಳ ಸಾಲು ನೆಲಕಚ್ಚಿದ್ದರೆ ಆ ಎಂಟು ಯಾರ ಮನೆಯಿಂದ ಬಂತು ಅಂತ ಕೇಳಲೇಬೇಕು.

ಮಿಡ್ಲ್ ಸ್ಕೂಲಿಗೇ ಮೀಸಲಾದ ಒಂದು ಬಲೆ ಇದೆ, ಇದಕ್ಕೆ ಬೀಳದವರು ಕಡಿಮೆ. ಕೆಲವು ಶಾಲೆಗಳಲ್ಲಿ 6 ಮತ್ತು 7ನೇ ತರಗತಿಯ ಗಣಿತ ಚೆನ್ನಾಗಿದ್ದು, 8ನೆಯದು ಇದ್ದಕ್ಕಿದ್ದಂತೆ ಬಾವಿಗೆ ಬಿದ್ದಿರುತ್ತದೆ. "ಎಂಟನೇ ಕ್ಲಾಸಿನ ಟೀಚರ್ ಸರಿಯಿಲ್ಲ" ಅಂತ ವಾಟ್ಸ್ಆ್ಯಪ್ ಗುಂಪಿನಲ್ಲಿ ತೀರ್ಪು ಬಂದೇಬಿಡುತ್ತದೆ. ಪಾಪ, ಟೀಚರ್ ಏನು ಮಾಡಿಯಾರು? ಗಣಿತದಲ್ಲಿ ಚುರುಕಾದ ಮಕ್ಕಳು ಸಾಮಾನ್ಯವಾಗಿ ಹೈಸ್ಕೂಲಿನಲ್ಲಿ ಕಲಿಸುವ ಆಲ್ಜಿಬ್ರಾ 1 (ಬೀಜಗಣಿತ) ಪಾಠವನ್ನು 8ನೇ ತರಗತಿಯಲ್ಲೇ ತೆಗೆದುಕೊಳ್ಳುತ್ತಾರೆ. ಟೆಕ್ಸಸ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಅವರು 8ನೇ ತರಗತಿಯ ಗಣಿತ ಪರೀಕ್ಷೆ ಬಿಟ್ಟು ಆಲ್ಜಿಬ್ರಾ ಪರೀಕ್ಷೆ ಬರೆಯುತ್ತಾರೆ. ಕಾನೂನೂ ಇದಕ್ಕೆ ಒಪ್ಪುತ್ತದೆ. ಹಾಲಿನ ಕೆನೆ ತೆಗೆದಿಟ್ಟು ಉಳಿದದ್ದನ್ನು ಅಳೆದರೆ ತೆಳ್ಳಗೆ ಕಾಣದೆ ಇನ್ನೇನು? ಪಕ್ಕದ ಆಲ್ಜಿಬ್ರಾ ಸಾಲನ್ನೂ, ಅದನ್ನು ಬರೆದವರ ಸಂಖ್ಯೆಯನ್ನೂ ನೋಡಿದಾಗಲೇ ಚಿತ್ರ ಪೂರ್ತಿಯಾಗುವುದು.

ಪರೀಕ್ಷೆ ಬರೆದವರೆಷ್ಟು ಅನ್ನುವುದನ್ನು ಬೇರೆ ಕಡೆಯೂ ಕೇಳಬೇಕು. ಶೇ 95 ಮಕ್ಕಳು ಬರೆಯಬೇಕು ಎಂದು ನಿಯಮ. 2015ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸುಮಾರು ಐದರಲ್ಲೊಂದು ಮಗುವಿನ ಪೋಷಕರು "ನಮ್ಮ ಮಗು ಬರೆಯಲ್ಲ" ಅಂತ ನಿರಾಕರಿಸಿದ್ದರು. ಅಂಥ ಶಾಲೆಯ ಶೇಕಡಾ ಯಾರ ಶೇಕಡಾ? 2020ರ ಸಾಲು ಖಾಲಿ ಇದ್ದರೆ ಗಾಬರಿ ಬೇಡ, ಕೋವಿಡ್ ಕಾರಣ ಆ ವಸಂತದಲ್ಲಿ ಪರೀಕ್ಷೆಗಳೇ ನಡೆಯಲಿಲ್ಲ. ಪಟ್ಟಿಯ ಕೆಲವು ಚೌಕಗಳಲ್ಲಿ ಅಂಕಿಯ ಬದಲು ನಕ್ಷತ್ರದ ಗುರುತು ಇರುತ್ತದೆ. ಗುಂಪು ತೀರಾ ಚಿಕ್ಕದಿದ್ದರೆ ಮಕ್ಕಳ ಗುರುತು ಸಿಗದಿರಲಿ ಎಂದು ಹಾಗೆ ಮುಚ್ಚುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ 10 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ. 12 ಮಕ್ಕಳ ಗುಂಪಿನಲ್ಲಿ ಒಬ್ಬಳಿಗೆ ಜ್ವರ ಬಂದು ಪರೀಕ್ಷೆ ಕೆಟ್ಟರೂ ಅಂಕಿ ಶೇ 8ರಷ್ಟು ಬೀಳುತ್ತದೆ, ಆದ್ದರಿಂದ ಮೂರು ವರ್ಷದ ಅಂಕಿ ಒಟ್ಟಿಗೆ ನೋಡುವುದು ವಾಸಿ.

ಶಿಕ್ಷಕರಿಗೆ ಇಷ್ಟು ಮಕ್ಕಳು ಎಂಬ ಅನುಪಾತಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. 15ಕ್ಕೆ ಒಬ್ಬರು ಅಂತಿದ್ದರೂ ತರಗತಿಯಲ್ಲಿ 28 ಮಕ್ಕಳಿರಬಹುದು. ವಿಶೇಷ ಶಿಕ್ಷಣದವರು, ಓದಿನ ಸಹಾಯಕ್ಕಿರುವ ಶಿಕ್ಷಕರು ಎಲ್ಲರೂ ಆ ಲೆಕ್ಕದಲ್ಲಿ ಸೇರಿರುತ್ತಾರೆ.

ನಾನು ತಪ್ಪದೆ ನೋಡುವ ಸಾಲು ಗೈರುಹಾಜರಿ. ಶಾಲಾ ದಿನಗಳಲ್ಲಿ ಶೇ 10 ಅಥವಾ ಹೆಚ್ಚು ತಪ್ಪಿಸಿದ ಮಗುವನ್ನು "ಕ್ರಾನಿಕ್ ಆಬ್ಸೆಂಟ್" ಅಂತ ಎಣಿಸುತ್ತಾರೆ. 180 ದಿನದ ವರ್ಷದಲ್ಲಿ 18 ದಿನ. ರಜೆ ಚೀಟಿ ಕೊಟ್ಟರೂ ಲೆಕ್ಕಕ್ಕೆ ಬರುತ್ತದೆ, ಡಿಸೆಂಬರ್ ರಜೆಯ ಹಿಂದೆ ಮುಂದೆ ಎರಡೆರಡು ವಾರ ಸೇರಿಸಿ ಊರಿಗೆ ಬಂದು ಹೋಗುವವರು ಗಮನಿಸಿ! ದೇಶದಾದ್ಯಂತ 2018–19ರಲ್ಲಿ ಇಂಥ ಮಕ್ಕಳು ಸುಮಾರು ಶೇ 15 ಇದ್ದರು, 2021–22ರಲ್ಲಿ ಸುಮಾರು ಶೇ 28ಕ್ಕೆ ಏರಿದರು. ಮಿಡ್ಲ್ ಸ್ಕೂಲಿನ ವಯಸ್ಸೇ ಹಾಗೆ, ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಮಗು ತಾನೇ ಎದ್ದು ಬಸ್ಸು ಹಿಡಿಯಬೇಕು. ಆ ಮಕ್ಕಳನ್ನು ಶಾಲೆ ಬಾಗಿಲಿಗೆ ತರುವ ಕೆಲಸವನ್ನು ಯಾರಾದರೂ ಮಾಡುತ್ತಿದ್ದಾರಾ ಅನ್ನುವುದು ಈ ಸಾಲಿನಲ್ಲಿ ಕಾಣುತ್ತದೆ.

ಗೆಳೆಯನ ವಿಷಯಕ್ಕೆ ಬರುತ್ತೇನೆ. ಅವನು ಎರಡೂ ಶಾಲೆಗಳ ರಾಜ್ಯ ಸರ್ಕಾರದ ವರದಿ ತೆಗೆದು ಒಂದು ಹಾಳೆಯಲ್ಲಿ ಬರೆದುಕೊಂಡ. ಬಡವರಲ್ಲದ ಮಕ್ಕಳ ಸಾಲಿನಲ್ಲಿ ಎರಡಕ್ಕೂ ಇದ್ದ ಅಂತರ ಎರಡೇ ಅಂಕ. ಬೆಳವಣಿಗೆಯಲ್ಲಿ ಐದರ ಶಾಲೆ ಒಂದು ಕೂದಲೆಳೆ ಮುಂದೆ. ಗೈರುಹಾಜರಿಯಲ್ಲಿ ಮಾತ್ರ ಅದು ಹಿಂದೆ, ಅದು ಅವನ ತಲೆ ಕೊರೆಯುತ್ತಿದೆ. ಮನೆ ಇನ್ನೂ ಕೊಂಡಿಲ್ಲ. ಹೋದ ವರ್ಷ ಆ ಶಾಲೆಯಿಂದ ಇಬ್ಬರು ಗಣಿತದ ಟೀಚರುಗಳು ಬಿಟ್ಟುಹೋದರಂತೆ, ಅವರ ಜಾಗಕ್ಕೆ ಯಾರು ಬಂದರು ಎಂದು ಯಾವ ಪುಟದಲ್ಲೂ ಇಲ್ಲ. ನಾಳೆ ಬೆಳಗ್ಗೆ ಶಾಲೆಯ ಆಫೀಸಿಗೆ ಫೋನ್ ಮಾಡಿ ಕೇಳುತ್ತಾನಂತೆ.